ಬಾಯಿ ಬಿಡದವನು

ಬೀಗದ ಕೈಯ ಜೊತೆ ಒಂದು ಚೀಟಿ ಕೊಟ್ಟ,
ಆಂಬುಲೆನ್ಸಿನ ಬಾಗಿಲು ಮುಚ್ಚುವ ಮುಂಚೆ.
ಎಂದೋ ಬರೆದಿಟ್ಟದ್ದು, ಪೆನ್ಸಿಲ್ಲಿನಲ್ಲಿ, ಒತ್ತಿ ಒತ್ತಿ:

ನಲ್ಲಿ ನೀರು ಹಾಕಬೇಡ. ಅದರಲ್ಲಿ ಸುಣ್ಣ.
ಬಾಲ್ಕನಿಯ ಡ್ರಮ್ಮಿನಲ್ಲಿ ಮಳೆನೀರಿದೆ,
ಹೆಪ್ಪುಗಟ್ಟಿದ್ದರೆ ಒಡೆದು ತಾ, ಬೆಚ್ಚಗಾಗಲಿ.
ಓಕ್ ಎಲೆ ಚೀಲದಲ್ಲಿ. ವಾರಕ್ಕೆ ಮೂರು. ನಾಲ್ಕಲ್ಲ.
ಮುಚ್ಚಳ ತೆಗೆದಿಟ್ಟು ಮರೆಯಬೇಡ, ಹಾರುತ್ತಾನೆ.
ಗಂಡು ಉಣ್ಣುವುದಿಲ್ಲ. ಅದು ಕಾಯಿಲೆಯಲ್ಲ.
ಅವನ ಬಾಯಲ್ಲಿ ಮೊಟ್ಟೆಗಳಿವೆ.
ಬೆಚ್ಚಿದರೆ ನುಂಗಿಬಿಡುತ್ತಾನೆ.
ಕಳೆದ ಸಲ ನಾನು ಕೆಮ್ಮಿದೆ.

ಹಾವಿರ್ಜೋವ್ ಊರು, ನಾಲ್ಕನೇ ಮಹಡಿ, ಜನವರಿ.
ಒತೀಲಿಯೆಗೆ ಬೇಕರಿಯಲ್ಲಿ ರಾತ್ರಿ ಪಾಳಿ.
ಮೀನೆಂದರೆ ಅವಳಿಗೆ, ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ
ಸ್ನಾನದ ತೊಟ್ಟಿಗೆ ಬಂದು, ಆಮೇಲೆ
ಬಾಣಲೆಗೆ ಹೋಗುವಂಥದ್ದು.

ಇದು ಬೇರೆ. ಹೆಸರು ಬೆಟ್ಟಾ. ನಗಬೇಡಿ,
ಕಿರುಬೆರಳಷ್ಟು ಉದ್ದ.
ಅಂಗಡಿಯಲ್ಲಿ ಬಾಟಲಿಗೊಂದರಂತೆ ಮಾರುವ,
ಸೆರಗು ಹಾಸಿಕೊಂಡು ಈಜುವ ಜಂಬದ ನೆಂಟನಲ್ಲ.
ಕಾಡಿನದು. ಬೋರ್ನಿಯೋದ ಜೌಗಿನದು. ತುಕ್ಕಿನ ಬಣ್ಣ.
ನೀರೋ, ಹಾಲು ಹಾಕದ ಚಹಾ.
ಮೊದಲ ದಿನ ಅವಳಿಗೆ ಕಂಡದ್ದು ತನ್ನದೇ ಮುಖ,
ಆಮೇಲೆ ಎಲೆ, ಆಮೇಲೆ
ಒಂದು ಕಣ್ಣು.

ಬೊಹುಮಿರ್ ಹೇಳಿದ್ದ ಒಮ್ಮೆ, ಮೆಟ್ಟಿಲಲ್ಲಿ ನಿಂತು,
ನಾಲ್ಕು ಮಾತಿಗೊಮ್ಮೆ ಉಸಿರು ಹುಡುಕುತ್ತ:
ಎಲೆ ಕೊಳೆತರೆ ಈ ನೀರು.
ಈ ನೀರಡಿ ಕೆಸರು. ಕೆಸರ ಮೇಲೆ ಕಾಲ ಕೂತರೆ
ಕಲ್ಲಿದ್ದಲು.
ಮೂವತ್ತೊಂದು ವರ್ಷ ಗಣಿಯಲ್ಲಿ ನಾನು ಕಡಿದದ್ದು
ಇದನ್ನೇ ಕಣೆ, ಗಟ್ಟಿಯಾದ ಮೇಲೆ.
ಈಗ, ಮೆತ್ತಗಿರುವಾಗ ಹೇಗಿತ್ತು ನೋಡೋಣ ಅಂತ.

ಹೆಣ್ಣು ಮೂಲೆಯಲ್ಲಿ ನಿಶ್ಚಿಂತೆಯಿಂದ,
ಹಣ್ಣುನೊಣ ಹಾಕಿದರೆ ಪಟಕ್ಕನೆ ಹಿಡಿಯುತ್ತಾಳೆ.
ಗಂಡು ಬೇರಿನ ಸಂದಿಯಲ್ಲಿ, ಗದ್ದ ಉಬ್ಬಿಸಿ,
ಬಾಯ್ತುಂಬ ತಾಂಬೂಲ ತುಂಬಿಕೊಂಡು
ಕೇಳಿದ್ದಕ್ಕೆಲ್ಲ ಹ್ಞೂಂ ಎನ್ನುವವರ ಹಾಗೆ.
ಆಗಾಗ ಗದ್ದ ಅಲುಗುತ್ತದೆ. ಮೊಟ್ಟೆ ಮಗುಚುತ್ತಿದ್ದಾನೆ.
ಒತೀಲಿಯೆ ಚಪ್ಪಲಿ ಬಿಟ್ಟು ಕಾಲುಚೀಲದಲ್ಲಿ ನಡೆಯುತ್ತಾಳೆ.
ಯಾರದೋ ಮನೆಯಲ್ಲಿ ಯಾರದೋ ಬಾಣಂತನ.

ಒಂಬತ್ತನೆಯ ರಾತ್ರಿ ಕರೆಂಟು ಹೋಯಿತು.
ಪಾಳಿ ಮುಗಿಸಿ ನಾಲ್ಕಕ್ಕೆ ಬಂದರೆ
ಇಡೀ ಕಟ್ಟಡ ಕತ್ತಲು, ಹೊರಗೆ
ಸೊನ್ನೆಗಿಂತ ಹನ್ನೊಂದು ಕೆಳಗೆ,
ಗಾಜು ಮುಟ್ಟಿದರೆ ಹೆಣದ ಕೈ.
ಬಂದ ದಾರಿಯಲ್ಲೇ ಓಡಿದಳು.
ಆಗತಾನೆ ಒಲೆಯಿಂದ ಇಳಿದ ರೈ ಬ್ರೆಡ್ಡು ಎಂಟು,
ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿಗೇ ಬರೆದು,
ಹಿಟ್ಟಿನ ಚೀಲಕ್ಕೆ ತುಂಬಿ, ಎದೆಗವಚಿ ತಂದು,
ತೊಟ್ಟಿಯ ಸುತ್ತ ಜೋಡಿಸಿ
ಮೇಲೆ ಬೊಹುಮಿರನ ಗರಿಯ ರಜಾಯಿ ಹೊದಿಸಿದಳು.
ಎಂಟು ಬ್ರೆಡ್ಡಿನ ಘಮದ ನಡುವೆ
ಉಪವಾಸದ ಅಪ್ಪ.
ಅವಳಿಗೆ ಕೆಮ್ಮು ಬಂತು. ನುಂಗಿದಳು.

ಕರೆಂಟು ಬಂದದ್ದು ಏಳೂವರೆಗೆ.

ಹದಿಮೂರನೆಯ ದಿನ ಬಾಯಿ ಬಿಟ್ಟ.
ಉಗುಳಿದ ಎನ್ನಬೇಕೋ ಹೆತ್ತ ಎನ್ನಬೇಕೋ,
ಒಂದೊಂದಾಗಿ, ಅಲ್ಪವಿರಾಮದಂಥ ಮರಿಗಳು.
ಎಣಿಸಿದರೆ ಹದಿನಾಲ್ಕು, ಮತ್ತೆ ಎಣಿಸಿದರೆ ಹನ್ನೊಂದು,
ಎಲೆಯಡಿ ಹೋದವು ಲೆಕ್ಕಕ್ಕೆ ಸಿಗಲಿಲ್ಲ.
ಆಸ್ಪತ್ರೆಗೆ ಫೋನು ಮಾಡಿದಳು. ನರ್ಸು ಅಂದಳು:
ಮಾಸ್ಕ್ ಹಾಕಿದೆ, ಮಾತಾಡಲಾರರು,
ಹೇಳುವುದಿದ್ದರೆ ಹೇಳಿ, ಕಿವಿಗೆ ಹಿಡಿಯುತ್ತೇನೆ.
ಬಾಯಿ ಬಿಟ್ಟ, ಎಂದಳು ಒತೀಲಿಯೆ.
ಆಚೆಯಿಂದ ಬರೀ ಉಸಿರು,
ಯಂತ್ರದ್ದೋ, ಅವನದ್ದೋ.

ಮಾರ್ಚಿನಲ್ಲಿ ಬಂದ, ಕೋಟಿನೊಳಗೆ
ಇನ್ನೊಬ್ಬರಿಗೆ ಜಾಗ ಮಾಡಿಕೊಂಡು.
ಟೋಪಿ ಕೂಡ ತೆಗೆಯದೆ ತೊಟ್ಟಿಯ ಮುಂದೆ ಕೂತ.
ಬಹಳ ಹೊತ್ತು ನೋಡಿದ.
ಎಲೆ ನಾಲ್ಕು ಹಾಕಿದ್ದೀಯ, ಅಂದ.
ಐದು, ಅಂದಳು ಅವಳು.